ಮರಳಿ ಬಂದವರು ಹೋದ ಹಾಗೆಯೇ ಬರಬೇಕೆ?

ಓದುಗರೊಬ್ಬರ ಪತ್ರ:

‘ಕಳೆದ ಸಂಚಿಕೆಯ ನಿಮ್ಮ ಟಿಪ್ಪಣಿಯಲ್ಲಿ ‘ಅರೆಸ್ಟೆಡ್ ಡೆವಲಪ್‌ಮೆಂಟ್’ ಹಾಸ್ಯ ಧಾರಾವಾಹಿಯ ನಾಲ್ಕನೆಯ ಸೀಸನ್ನನ್ನು ಮೆಚ್ಚಿ ಒಂದು ಸಾಲು ಬರೆದಿದ್ದೀರಿ. ನಾನು ಒಪ್ಪಲಾರೆ. ಮೊದಲ ಮೂರು ಸೀಸನ್‌ಗಳನ್ನು ಎಷ್ಟು ಸಲ ನೋಡಿದ್ದೇನೆಂಬ ಲೆಕ್ಕ ನನಗೇ ಇಲ್ಲ. ಏಳು ವರ್ಷ ಕಾದ ಮೇಲೆ ಬಂದ ನಾಲ್ಕನೆಯದನ್ನು ಒಂದೇ ರಾತ್ರಿಯಲ್ಲಿ ನೋಡಿ ಮುಗಿಸಿದೆ. ಬೆಳಗಾಗುವಾಗ ಉಳಿದದ್ದು ಬೇಸರವೊಂದೇ. ಕುಟುಂಬದ ಕಥೆಯಲ್ಲಿ ಕುಟುಂಬವೇ ಒಟ್ಟಿಗೆ ಇಲ್ಲ. ನನ್ನ ಅಚ್ಚುಮೆಚ್ಚಿನ ಪಾತ್ರ, ಆ ಮನೆಯ ತಾಯಿ ಲುಸೀಲ್ ಅಲ್ಲೊಮ್ಮೆ ಇಲ್ಲೊಮ್ಮೆ ಮುಖ ತೋರಿಸಿ ಹೋಗುತ್ತಾಳೆ. ಅಭಿಮಾನಿಗಳು ದನಿ ಎತ್ತಿದ್ದರಿಂದ 2018ರಲ್ಲಿ ಅದನ್ನು ಮರುಸಂಕಲನ ಮಾಡಿ ಸರಿಪಡಿಸಿದರು. ಅಭಿಮಾನಿಗಳಿಂದಲೇ ಮರುಜೀವ ಪಡೆದ ಧಾರಾವಾಹಿ ಅಭಿಮಾನಿಗಳ ಮಾತು ಕೇಳಬಾರದೆ?’

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಕಂಡದ್ದು ಸಿಟ್ಟು. ಎರಡನೆಯ ಸಲ ಕಂಡದ್ದು ಪ್ರೀತಿ. ಒಂದು ಕೃತಿಯ ಮೇಲೆ ಇಷ್ಟು ವರ್ಷ ಅಕ್ಕರೆ ಉಳಿಸಿಕೊಂಡು, ಅದರ ಸಲುವಾಗಿ ಕೂತು ಪತ್ರ ಬರೆಯುವವರು ಕಡಿಮೆಯಾಗಿದ್ದಾರೆ. ಆ ಕಾರಣಕ್ಕೇ ನಿಮಗೆ ದೀರ್ಘವಾಗಿ ಉತ್ತರಿಸುತ್ತಿದ್ದೇನೆ.

ನಿಮ್ಮ ದೂರಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ಕಥೆಯ ಕೇಂದ್ರವಾದ ಬ್ಲೂತ್ ಕುಟುಂಬದವರೆಲ್ಲ ಒಂದೇ ಕೋಣೆಯಲ್ಲಿ ನೆರೆದು, ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳದೆ, ಕೇಳಿಸಿಕೊಂಡರೂ ತಪ್ಪಾಗಿ ಅರ್ಥ ಮಾಡಿಕೊಂಡು ಮಾತಾಡುವುದರಲ್ಲಿ ಇದ್ದ ಸೊಗಸು ಬೇರೆಯೇ. ನಟರೆಲ್ಲ ಅಷ್ಟರಲ್ಲಿ ಬೇರೆ ಬೇರೆ ಕೆಲಸಗಳಲ್ಲಿ ಸಿಕ್ಕಿಕೊಂಡಿದ್ದರಿಂದ ಎಲ್ಲರನ್ನೂ ಒಂದೇ ದಿನ ಒಂದೇ ಕಡೆ ಸೇರಿಸುವುದು ಕಷ್ಟವಾಗಿ, ಒಂದು ಕಂತಿಗೆ ಒಬ್ಬರ ಕಥೆ ಎಂಬ ಏರ್ಪಾಡು ಹುಟ್ಟಿತು ಎಂಬುದೂ ನಿಜ. ಇಷ್ಟನ್ನು ಒಪ್ಪಿಕೊಳ್ಳುತ್ತೇನೆ. ಇದಕ್ಕಿಂತ ಹೆಚ್ಚು ಒಪ್ಪಿಕೊಳ್ಳಲಾರೆ.

ಈ ಧಾರಾವಾಹಿ ನಿಮ್ಮ ಮನಸ್ಸನ್ನು ಹೇಗೆ ಗೆದ್ದಿತು ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಮಿಚೆಲ್ ಹರ್ವಿಟ್ಜ್ ರೂಪಿಸಿದ ಈ ಕಥೆ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 2003ರ ನವೆಂಬರ್ 2ರಂದು ಶುರುವಾಯಿತು. 2004ರಲ್ಲಿ ಅತ್ಯುತ್ತಮ ಹಾಸ್ಯ ಧಾರಾವಾಹಿ ಎಂಬ ಎಮಿ ಪ್ರಶಸ್ತಿಯೂ ಬಂತು. ಆದರೂ ನೋಡುವವರು ಕಡಿಮೆ. ಮೊದಲ ಸೀಸನ್ನಿಗೆ 22 ಕಂತು, ಎರಡನೆಯದಕ್ಕೆ 18, ಮೂರನೆಯದಕ್ಕೆ 13. ಹೀಗೆ ಕತ್ತರಿಸುತ್ತಾ ಬಂದು ಕೊನೆಯ ನಾಲ್ಕು ಕಂತುಗಳನ್ನು 2006ರ ಫೆಬ್ರವರಿ 10ರಂದು, ಇನ್ನೊಂದು ವಾಹಿನಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ ಪ್ರಸಾರವಾಗುತ್ತಿದ್ದ ಸಂಜೆ, ಒಟ್ಟಿಗೆ ತೋರಿಸಿ ಕೈ ತೊಳೆದುಕೊಂಡರು. ಆಮೇಲೆ ಅದನ್ನು ಉಳಿಸಿದ್ದು ಡಿವಿಡಿ ತಂದು ನೋಡಿ, ಹಿಂದೆ ಸರಿಸಿ ಮತ್ತೆ ನೋಡಿದ ನಿಮ್ಮಂಥವರು. ಎರಡನೆಯ ಸೀಸನ್ನಿನಲ್ಲಿ ಲುಸೀಲ್‌ಳ ಮಗ ಬಸ್ಟರ್ ಒಂದು ಬೆಂಚಿನ ಮೇಲೆ ಕೂತಿರುತ್ತಾನೆ. ಬೆಂಚಿನ ಮೇಲೆ ಸೇನಾಧಿಕಾರಿಗಳ ಕುರಿತ ಜಾಹೀರಾತು. ಅವನ ಮೈ ಅಡ್ಡವಾಗಿ ಕೆಲವು ಅಕ್ಷರಗಳು ಮರೆಯಾಗಿ, ಉಳಿದ ಅಕ್ಷರಗಳು ‘ತೋಳು ಹೋಯಿತು’ ಎಂಬ ಅರ್ಥ ಕೊಡುತ್ತವೆ. ಅದೇ ಬಸ್ಟರ್ ಒಂದು ಸೀಲ್ ಪ್ರಾಣಿಯ ಬಾಯಿಗೆ ಕೈ ಕಳೆದುಕೊಳ್ಳುತ್ತಾನೆ. ಮೊದಲ ನೋಟಕ್ಕೆ ಇದನ್ನು ಹಿಡಿದವರು ಎಷ್ಟು ಜನ? ನೀವು ಹಿಡಿದದ್ದು ಎಷ್ಟನೆಯ ಸಲ ನೋಡಿದಾಗ?

ಮೊದಲ ಮೂರು ಸೀಸನ್‌ಗಳಿಗೆ ಲೆಕ್ಕವಿಲ್ಲದಷ್ಟು ಸಲ ಕೊಟ್ಟ ತಾಳ್ಮೆಯನ್ನು ನಾಲ್ಕನೆಯದಕ್ಕೆ ಒಂದು ಸಲವಾದರೂ ಯಾಕೆ ಕೊಡಲಿಲ್ಲ ಎಂಬುದೇ ನನ್ನ ಪ್ರಶ್ನೆ. 2013ರ ಮೇ 26, ಭಾನುವಾರ, ನೆಟ್‌ಫ್ಲಿಕ್ಸ್ 15 ಕಂತುಗಳನ್ನು ಒಮ್ಮೆಲೇ ಬಿಡುಗಡೆ ಮಾಡಿತು. ಹಳೆಯ ಕಂತುಗಳಿಗಿಂತ ಉದ್ದವಾದ, ಒಂದರೊಳಗೊಂದು ಹೆಣೆದುಕೊಂಡ, ಒಟ್ಟು ಸುಮಾರು ಎಂಟು ಗಂಟೆಯ ಆ ಕಥೆಯನ್ನು ಜನ ನಿದ್ದೆಗೆಟ್ಟು ನುಂಗಿದರು. ಅಜೀರ್ಣವಾದಾಗ ಅಡುಗೆಯವನನ್ನು ಬೈದರು. ಸೋಮವಾರ ಅಮೆರಿಕದಲ್ಲಿ ರಜೆ. ಮಂಗಳವಾರ ಷೇರುಪೇಟೆ ತೆರೆದಾಗ ನೆಟ್‌ಫ್ಲಿಕ್ಸ್ ಷೇರಿನ ಬೆಲೆ ಸುಮಾರು ಶೇಕಡಾ 6ರಷ್ಟು ಬಿತ್ತು. ಒಂದು ಹಾಸ್ಯಕಥೆ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಎರಡು ದಿನದೊಳಗೆ ಷೇರುಪೇಟೆಯೂ ತೀರ್ಮಾನಿಸಿಬಿಟ್ಟಿತು ಎಂಬುದನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ನಾನು ಅದನ್ನು ನೋಡಿದ್ದು ಗದ್ದಲವೆಲ್ಲ ಅಡಗಿದ ಮೇಲೆ, ವಾರಕ್ಕೆ ಎರಡು ಕಂತಿನಂತೆ. ಮೊದಲ ಕಂತಿನಲ್ಲಿ ಲುಸೀಲ್‌ಳ ಇನ್ನೊಬ್ಬ ಮಗ ಮೈಕೆಲ್ ಬ್ಲೂತ್ 7 ಲಕ್ಷ ಡಾಲರ್ ಸಾಲಗಾರ. ಹಿಂದೆ ಇಡೀ ಮನೆಗೆ ಬುದ್ಧಿ ಹೇಳುತ್ತಿದ್ದವನು ಈಗ ಮಗನ ಕಾಲೇಜು ಹಾಸ್ಟೆಲಿನ ಕೋಣೆಯಲ್ಲಿ ಬಂದು ಠಿಕಾಣಿ ಹೂಡಿದ್ದಾನೆ. ಕೋಣೆಯಿಂದ ಯಾರು ಹೊರಹೋಗಬೇಕೆಂದು ಅವನೇ ಮತದಾನ ಏರ್ಪಡಿಸುತ್ತಾನೆ. ಹೊರಹೋಗಬೇಕಾಗಿ ಬರುವುದು ಅವನೇ. ಮೊದಲ ಸಲ ಅದನ್ನು ತಂದೆಯ ಕಣ್ಣಿನಿಂದ ನೋಡಿ ನಗುತ್ತೇವೆ. ಹತ್ತಾರು ಕಂತು ಕಳೆದ ಮೇಲೆ ಮಗ ಜಾರ್ಜ್ ಮೈಕೆಲ್‌ನ ಕಂತು ಬರುತ್ತದೆ. ಅಪ್ಪನಿಗೆ ನೋವಾಗದಂತೆ ಅವನನ್ನು ಕಳಿಸುವುದು ಹೇಗೆಂದು ಆ ಹುಡುಗ ಪಟ್ಟ ಪಾಡು ಆಗ ಗೊತ್ತಾಗುತ್ತದೆ. 2003ರ ಮೊಟ್ಟಮೊದಲ ಕಂತಿನಲ್ಲಿ, ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದೆಂದು ಅಪ್ಪ ಕೇಳಿದಾಗ ಮಗ ಬೆಳಗಿನ ತಿಂಡಿ ಎನ್ನುತ್ತಾನೆ, ಅಪ್ಪ ಕುಟುಂಬ ಎಂದು ತಿದ್ದುತ್ತಾನೆ. ಹತ್ತು ವರ್ಷದ ನಂತರ ನಾಲ್ಕನೆಯ ಸೀಸನ್ ಮುಗಿಯುವುದು ಅದೇ ಮಗ ಅದೇ ಅಪ್ಪನ ಮುಖಕ್ಕೆ ಗುದ್ದುವುದರೊಂದಿಗೆ. ಕುಟುಂಬವೇ ಇಲ್ಲ ಎನ್ನುತ್ತೀರಲ್ಲ, ಕುಟುಂಬದ ಕುರಿತು ಈ ಧಾರಾವಾಹಿ ಇದಕ್ಕಿಂತ ಗಂಭೀರವಾದದ್ದನ್ನು ಇನ್ನೆಲ್ಲಿ ಹೇಳಿದೆ?

ಮೈಕೆಲ್‌ನ ಸೋದರಿ ಲಿಂಡ್ಸೆ ಮತ್ತು ಅವಳ ಗಂಡ ಟೋಬಿಯಾಸ್ ಪ್ರಸಂಗವನ್ನೂ ಗಮನಿಸಿ. ದಾಂಪತ್ಯ ಮುರಿದ ಗಂಡ ಹೆಂಡತಿ, ತಮ್ಮನ್ನು ತಾವು ಕಂಡುಕೊಳ್ಳಬೇಕೆಂದು ಇಬ್ಬರೂ ಒಂದೇ ಸಮಯದಲ್ಲಿ ಭಾರತಕ್ಕೆ ಹೊರಡುತ್ತಾರೆ. ಒಬ್ಬರ ಸುಳಿವು ಇನ್ನೊಬ್ಬರಿಗಿಲ್ಲ. ಲಿಂಡ್ಸೆಯ ಕಂತು ನೋಡುವಾಗ ನಮಗೂ ಅದು ತಿಳಿಯದು. ಟೋಬಿಯಾಸ್‌ನ ಕಂತು ಬಂದಾಗಲೇ ತಿಳಿಯುವುದು. ಆ ತಡವಾದ ತಿಳಿವಿನಲ್ಲೇ ನಗೆಯೂ ಇದೆ, ವಿಷಾದವೂ ಇದೆ. ಇನ್ನು ಮೈಕೆಲ್‌ನ ತಂದೆ ಹಿರಿಯ ಜಾರ್ಜ್ ಬ್ಲೂತ್, ಅಮೆರಿಕ–ಮೆಕ್ಸಿಕೊ ಗಡಿಯಲ್ಲಿ ಗೋಡೆ ಕಟ್ಟುವ ಯೋಜನೆಯಿಂದ ಹಣ ಮಾಡಲು ಹೊರಟು ರಾಜಕಾರಣಿಯೊಬ್ಬನ ಬೆನ್ನು ಬೀಳುತ್ತಾನೆ. ಇದು 2013ರಲ್ಲಿ. ಅಂಥದೇ ಗೋಡೆ 2016ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ನಿಜವಾದ ಘೋಷಣೆಯಾಯಿತು. ಒಂದೇ ರಾತ್ರಿಯಲ್ಲಿ ತೀರ್ಪು ಕೊಟ್ಟವರು ಆಮೇಲೆ ತಿರುಗಿ ನೋಡಿ ತಮ್ಮ ತೀರ್ಪನ್ನು ತಿದ್ದಿಕೊಂಡದ್ದನ್ನು ನಾನು ಹೆಚ್ಚಾಗಿ ಕಾಣಲಿಲ್ಲ.

ಈಗ ನೀವು ಹೊಗಳಿದ ಮರುಸಂಕಲನದ ಮಾತು. 2018ರ ಮೇ 4ರಂದು ಬಂದ ಅದರಲ್ಲಿ 15 ಕಂತುಗಳು 22 ಆದವು; ಘಟನೆಗಳನ್ನೆಲ್ಲ ಕಾಲಾನುಕ್ರಮದಲ್ಲಿ ಜೋಡಿಸಿ, ಧಾರಾವಾಹಿಯ ನಿರೂಪಕ ರಾನ್ ಹೋವರ್ಡ್ ಅವರ ಹೊಸ ನಿರೂಪಣೆ ಸೇರಿಸಲಾಯಿತು. ಅಂದರೆ ಹಾಸ್ಟೆಲಿನ ಮತದಾನವನ್ನು ಮೊದಲು ತಂದೆಯ ಕಡೆಯಿಂದ, ಬಹಳ ಹೊತ್ತಿನ ಮೇಲೆ ಮಗನ ಕಡೆಯಿಂದ ನೋಡುವ ಆ ಅಂತರವೇ ಮಾಯವಾಯಿತು. ಒಗಟಿನ ಪಕ್ಕದಲ್ಲೇ ಉತ್ತರ ಅಚ್ಚು ಹಾಕಿದರೆ ಓದುವವನಿಗೆ ಸುಲಭವಾಗುತ್ತದೆ, ಒಗಟು ಮಾತ್ರ ಉಳಿಯುವುದಿಲ್ಲ. ಸುಮಾರು 22 ನಿಮಿಷದ 22 ಕಂತು ಎಂಬ ಅಳತೆ ಟೆಲಿವಿಷನ್ ವಾಹಿನಿಗಳ ಮರುಪ್ರಸಾರಕ್ಕೆ ಹೇಳಿ ಮಾಡಿಸಿದ ಅಳತೆ ಎಂಬುದನ್ನೂ ನೀವು ಮರೆಯಬಾರದು. ಎಲ್ಲವೂ ಅಭಿಮಾನಿಗಳ ಮೇಲಿನ ಗೌರವದಿಂದಲೇ ನಡೆಯಿತೆಂದು ನಾನು ನಂಬುವುದಿಲ್ಲ. ಮೂಲ ರೂಪವನ್ನು ನೆಟ್‌ಫ್ಲಿಕ್ಸ್‌ನಲ್ಲಿ ಟ್ರೇಲರ್‌ಗಳು ಬಿದ್ದಿರುವ ಮೂಲೆಗೆ ಸರಿಸಿದರು. ಕೃತಿಯೊಂದಕ್ಕೆ ಅದರ ಮನೆಯಲ್ಲೇ ಆದ ಈ ಅವಮಾನವನ್ನು ನೀವು ‘ಸರಿಪಡಿಸಿದರು’ ಎಂದು ಕರೆದಿದ್ದೀರಿ.

ಇದು ಇಂದಿನ ಸಮಸ್ಯೆಯಲ್ಲ. ಸರ್ವಾಂಟೆಸ್ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯ ಮೊದಲ ಭಾಗವನ್ನು ಪ್ರಕಟಿಸಿದ್ದು 1605ರಲ್ಲಿ, ಎರಡನೆಯದನ್ನು 1615ರಲ್ಲಿ. ನಡುವೆ 1614ರಲ್ಲಿ ಬೇರೊಬ್ಬ ಸುಳ್ಳು ಹೆಸರಿಟ್ಟುಕೊಂಡು ನಕಲಿ ಎರಡನೆಯ ಭಾಗವನ್ನೇ ಪ್ರಕಟಿಸಿಬಿಟ್ಟಿದ್ದ. ಸರ್ವಾಂಟೆಸ್‌ನ ಎರಡನೆಯ ಭಾಗದಲ್ಲಿ ಕ್ವಿಕ್ಸೋಟ್‌ನಿಗೆ ಎದುರಾಗುವ ಹಲವರು ಮೊದಲ ಭಾಗವನ್ನು ಓದಿಕೊಂಡವರು! ಒಬ್ಬ ಡ್ಯೂಕ್ ಮತ್ತು ಅವನ ಹೆಂಡತಿಯಂತೂ, ಪುಸ್ತಕದಲ್ಲಿ ಓದಿ ನಕ್ಕ ಹುಚ್ಚಾಟಗಳನ್ನೇ ಅವನು ತಮ್ಮೆದುರು ಮತ್ತೆ ಆಡಬೇಕೆಂದು ನಾಟಕಗಳನ್ನು ಹೂಡುತ್ತಾರೆ. ಆದರೆ ಅವನು ಬದಲಾಗಿದ್ದಾನೆ. ಹಿಂದೆ ಛತ್ರಗಳನ್ನು ಕೋಟೆಯೆಂದು ತಿಳಿಯುತ್ತಿದ್ದವನಿಗೆ ಈಗ ಛತ್ರ ಛತ್ರವಾಗಿಯೇ ಕಾಣುತ್ತದೆ. ಕೊನೆಗೆ ಬುದ್ಧಿ ತಿಳಿಯಾಗಿ ಸಾಯುತ್ತಾನೆ, ಇನ್ನೊಬ್ಬ ಬಂದು ಅವನನ್ನು ಎಬ್ಬಿಸಿ ಕುಣಿಸದಂತೆ. ನಾಲ್ಕು ಶತಮಾನದ ಹಿಂದೆಯೇ ಅಭಿಮಾನಿಯ ಹಟವನ್ನು ಅಷ್ಟು ನಿಚ್ಚಳವಾಗಿ ಕಂಡವನು ಸರ್ವಾಂಟೆಸ್. ನೀವು ಎರಡನೆಯ ಭಾಗವನ್ನು ಓದಿಲ್ಲವಾದರೆ ದಯವಿಟ್ಟು ಓದಿ. ಮೊದಲನೆಯದಕ್ಕಿಂತ ಅದೇ ದೊಡ್ಡ ಕೃತಿ ಎಂಬುದು ನನ್ನ ಅಭಿಪ್ರಾಯ.

ಅಭಿಮಾನಿಗಳ ಮಾತು ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ‘ರೋಸಾನ್’ ಧಾರಾವಾಹಿ 1997ರಲ್ಲಿ ಮುಗಿದಾಗ, ಗಂಡ ಡ್ಯಾನ್ ಸತ್ತುಹೋಗಿದ್ದಾನೆಂದೂ ಉಳಿದದ್ದನ್ನು ನಾಯಕಿ ರೋಸಾನ್ ಬರೆದುಕೊಂಡಳೆಂದೂ ಹೇಳಿ ಮುಗಿಸಿದ್ದರು. 2018ರಲ್ಲಿ ಮರಳಿ ಬಂದಾಗ ಡ್ಯಾನ್ ಬದುಕಿದ್ದ, ಹಳೆಯ ಸೋಫಾ ಹಳೆಯ ಜಾಗದಲ್ಲೇ ಇತ್ತು, ಮೊದಲ ದಿನ 1.8 ಕೋಟಿ ಜನ ನೋಡಿದರು. ‘ವಿಲ್ ಅಂಡ್ ಗ್ರೇಸ್’ 2006ರಲ್ಲಿ ಮುಗಿದಾಗ ಗೆಳೆಯರಿಬ್ಬರು ದೂರವಾಗಿ, ಅವರ ಮಕ್ಕಳು ಬೆಳೆದು ದೊಡ್ಡವರಾಗಿದ್ದರು. 2017ರಲ್ಲಿ ಮರಳಿದಾಗ ಅದೆಲ್ಲ ಕ್ಯಾರನ್ ಎಂಬ ಪಾತ್ರ ಕಂಡ ಕನಸೆಂದು ಒರೆಸಿ ಹಾಕಿದರು. ನೋಡುವವರಿಗೆ ಹಿತವಾಯಿತು, ನಿಜ. ಆದರೆ ಒಂದು ಕೃತಿ ತನ್ನ ಅಂತ್ಯವನ್ನೇ ಸುಳ್ಳೆಂದು ಹೇಳಿದ ಮೇಲೆ, ಅದರಲ್ಲಿ ಮುಂದೆ ನಡೆಯುವ ಯಾವುದನ್ನು ನಂಬಬೇಕು? ನಾಲ್ಕನೆಯ ಸೀಸನ್ ಹಾಗೆ ಮಾಡಲಿಲ್ಲ. ಏಳು ವರ್ಷ ಕಳೆದಿದೆ, ಮನೆಗಳ ಮಾರುಕಟ್ಟೆ ಕುಸಿದಿದೆ, ಮೈಕೆಲ್ ಕಟ್ಟಿದ ಬಡಾವಣೆ ಖಾಲಿ ಬಿದ್ದಿದೆ, ಈ ಮನೆಯವರು ಚದುರಿ ಹೋಗಿದ್ದಾರೆ ಎಂದು ನಮ್ಮ ಮುಖ ನೋಡಿ ಹೇಳಿತು. ನೋಡುತ್ತಿದ್ದ ನಮಗೂ ಏಳು ವರ್ಷ ವಯಸ್ಸಾಗಿತ್ತು ಎಂಬುದನ್ನು ನೆನಪಿಸಿದ್ದಕ್ಕೇ ನಾವು ಸಿಟ್ಟಾದೆವೇನೋ.

ನಿಮಗೆ ಇಷ್ಟು ಒತ್ತಿ ಹೇಳಲು ನನ್ನದೇ ಒಂದು ಕಾರಣವಿದೆ. ಬಹಳ ವರ್ಷಗಳ ಹಿಂದೆ ಪತ್ರಿಕೆಯೊಂದರಲ್ಲಿ ನಾನು ಕಿರಿಯ ಸಂಪಾದಕನಾಗಿದ್ದಾಗ ಒಬ್ಬ ಲೇಖಕಿಯ ಕಾದಂಬರಿ ವಾರವಾರ ಬರುತ್ತಿತ್ತು. ಮುಗಿಯುವ ಹೊತ್ತಿಗೆ ಓದುಗರ ಪತ್ರಗಳ ಮಳೆ: ಮನೆ ಬಿಟ್ಟು ಹೋದ ನಾಯಕಿ ಹಿಂದಿರುಗಲೇಬೇಕು. ಪತ್ರಗಳ ಕಟ್ಟನ್ನು ಹಿಡಿದುಕೊಂಡು ಲೇಖಕಿಯ ಬಳಿಗೆ ಹೋದವನು ನಾನೇ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಯ ಎರಡು ಅಧ್ಯಾಯಗಳನ್ನು ಮತ್ತೆ ಬರೆದು ಕೊಟ್ಟರು, ನಾಯಕಿ ಹಿಂದಿರುಗಿದಳು, ಓದುಗರು ಸಂತೋಷಪಟ್ಟು ಎರಡು ವಾರದಲ್ಲಿ ಮರೆತರು. ಆ ಕಾದಂಬರಿಯನ್ನು ಪುಸ್ತಕ ಮಾಡಲು ಲೇಖಕಿ ಒಪ್ಪಲಿಲ್ಲ. ಮೊದಲು ಬರೆದಿದ್ದ ಆ ಎರಡು ಅಧ್ಯಾಯಗಳನ್ನು ನಾನು ಕೇಳಿ ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ.

ಈಗ ಕೃತಿಕಾರರ ಮನೆಬಾಗಿಲಿಗೆ ಹಾಗೆ ಕಟ್ಟು ಹಿಡಿದು ಹೋಗುವವರು ಲಕ್ಷಾಂತರ. ಎಷ್ಟನೆಯ ನಿಮಿಷದಲ್ಲಿ ನೋಡುಗ ಎದ್ದುಹೋದ ಎಂಬ ಲೆಕ್ಕ ಪ್ರಸಾರ ಮಾಡುವವರ ಕೈಯಲ್ಲಿದೆ, ಬಿಡುಗಡೆಯಾದ ಮೇಲೂ ಕೃತಿಯನ್ನು ಕತ್ತರಿಸಿ ಹೊಲಿಯುವ ಅನುಕೂಲವೂ ಇದೆ. ಪುಸ್ತಕವಾಗಿದ್ದರೆ ಹಳೆಯ ಮುದ್ರಣದ ಪ್ರತಿ ಯಾರ ಕಪಾಟಿನಲ್ಲಾದರೂ ಉಳಿಯುತ್ತಿತ್ತು. ಇಲ್ಲಿ ಮೂಲವೇ ಒಂದು ದಿನ ಕಣ್ಮರೆಯಾದರೆ ಕೇಳುವವರಿಲ್ಲ. ಅಭಿಮಾನಿಗಳ ಮಾತು ಕೇಳಬಾರದೆ ಎಂದು ನೀವು ಕೇಳಿದಿರಿ. ಕೇಳಿಸಿಕೊಳ್ಳಲಿ, ಆದರೆ ಪ್ರೀತಿಸಿದ ಮಾತ್ರಕ್ಕೆ ಕೃತಿಯ ಒಡೆತನ ನಮ್ಮದಾಗುವುದಿಲ್ಲ. 2006ರಲ್ಲಿ ಶೋಟೈಮ್ ವಾಹಿನಿ ಈ ಧಾರಾವಾಹಿಯನ್ನು ಮುಂದುವರಿಸಲು ಮುಂದೆ ಬಂದಾಗ, ಗುಣ ಇಳಿದೀತೆಂಬ ಅಂಜಿಕೆಯಿಂದ ಹಿಂದೆ ಸರಿದವರು ಇದೇ ಹರ್ವಿಟ್ಜ್. ಅಭಿಮಾನಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಮನುಷ್ಯನ ನಡೆಯೆ ಅದು?

ಇನ್ನೂ ಒಂದು ಮಾತು. ನೀವು ಬಯಸಿದ್ದು ಸಿಕ್ಕಿಯೂ ಆಯಿತು. ಐದನೆಯ ಸೀಸನ್ನಿನಲ್ಲಿ ಕುಟುಂಬವನ್ನು ಮತ್ತೆ ಹೆಚ್ಚಾಗಿ ಒಟ್ಟಿಗೆ ಕೂರಿಸಿದರು. ಎಂಟು ಕಂತು 2018ರ ಮೇ ತಿಂಗಳಲ್ಲಿ, ಇನ್ನೆಂಟು 2019ರ ಮಾರ್ಚ್‌ನಲ್ಲಿ ಬಂದವು. ನಿಮ್ಮ ಎರಡು ಪುಟದ ಪತ್ರದಲ್ಲಿ ಅದರ ಬಗ್ಗೆ ಒಂದೇ ಒಂದು ಸಾಲಿಲ್ಲ. ಸಿಟ್ಟಿನಿಂದಲಾದರೂ ಇಷ್ಟು ವರ್ಷ ನಿಮ್ಮ ಮನಸ್ಸಿನಲ್ಲಿ ಉಳಿದದ್ದು ನಾಲ್ಕನೆಯದೇ.

ಲುಸೀಲ್ ನಿಮಗೆ ಅಚ್ಚುಮೆಚ್ಚು ಎಂದಿದ್ದೀರಿ, ನನಗೂ ಹೌದು. ಆ ಪಾತ್ರ ಮಾಡಿದ ಜೆಸ್ಸಿಕಾ ವಾಲ್ಟರ್ 2021ರ ಮಾರ್ಚ್‌ನಲ್ಲಿ ತೀರಿಕೊಂಡರು. ನಾಲ್ಕನೆಯ ಸೀಸನ್ನಿನ ಮೂಲ ರೂಪದಲ್ಲಿ ಹತ್ತನೆಯ ಕಂತು ಪೂರ್ತಿಯಾಗಿ ಅವರದು. ಮೊದಲ ಮೂರು ಸೀಸನ್‌ಗಳಲ್ಲಿ ಗುಂಪಿನ ನಡುವೆ ಒಂದೊಂದು ಚುರುಕು ಮಾತು ಎಸೆದು ಹೋಗುತ್ತಿದ್ದ ಆ ಹೆಂಗಸು ಇಲ್ಲಿ ಸೆರೆಮನೆಯಲ್ಲಿದ್ದಾಳೆ. ಮನೆಯವರು ಒಬ್ಬೊಬ್ಬರಾಗಿ ದೂರವಾದ ಮೇಲೂ ಗತ್ತು ಬಿಡದೆ, ಒಳಗೊಳಗೇ ಕುಸಿಯುತ್ತಾಳೆ. ಮರುಸಂಕಲನದಲ್ಲಿ ಈ ಕಂತು ತುಂಡುತುಂಡಾಗಿ ಬೇರೆ ಬೇರೆ ಕಡೆ ಹಂಚಿಹೋಗಿದೆ. ಟ್ರೇಲರ್‌ಗಳ ಮೂಲೆಯಲ್ಲಿ ಮೂಲ ರೂಪ ಇನ್ನೂ ಸಿಕ್ಕರೆ, ಆ ಹತ್ತನೆಯ ಕಂತನ್ನು ಒಂದು ಸಂಜೆ ಅದೊಂದನ್ನೇ ನೋಡಿ, ಮತ್ತೆ ಬರೆಯಿರಿ. ನಿಮ್ಮ ಅಭಿಪ್ರಾಯ ಬದಲಾಗದಿದ್ದರೂ ಆ ಪತ್ರವನ್ನು ಪೂರ್ತಿಯಾಗಿ ಅಚ್ಚು ಹಾಕುತ್ತೇನೆ.

— ಸಂಪಾದಕ