ಲೆನ್ಸಲ್ಲಿ ಮೈಕ್ರಾನ್ ಅಳೆಯೋಕಾಗಲ್ಲ

ನಮಸ್ಕಾರ,

ಮಳೆ ಬಿಟ್ಟ ಮೇಲೆ ಒಣಕೊಂಬೆಯ ಮೇಲೆ ಕಂಡ ಕಪ್ಪು ಗುಂಡು ಅಣಬೆಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಫೋಟೋಗಳೂ ಚೆನ್ನಾಗಿವೆ. ಆದರೆ ಮೂರು ಸಾಲು ನನ್ನನ್ನು ಇಡೀ ದಿನ ಕಾಡಿದವು.

'ಯಾವುದೋ ಕಾಡುಮರದ ಕೊಂಬೆ' ಅಂತ ಬರೆದಿದ್ದೀರಿ. ಯಾವ ಮರ? ಎಲೆ ಉದುರಿದ ಕೊಂಬೆಗೆ ಹೆಸರು ಹೇಳೋದು ಕಷ್ಟ, ಒಪ್ಪುತ್ತೇನೆ. ಆದರೆ ತಲೆ ಎತ್ತಿ ನೋಡಿದರೆ ಅದು ಯಾವ ಮರದಿಂದ ಮುರಿದು ಬಿತ್ತೋ ಆ ಮರ ಎಷ್ಟೋ ಸಲ ಅಲ್ಲೇ ನಿಂತಿರುತ್ತೆ. ನಾನು ಕಲಿಯುವಾಗ, ಅಣಬೆ ಹಾಕಿಟ್ಟ ಲಕೋಟೆಯ ಮೇಲೆ ಮರದ ಹೆಸರಿಲ್ಲದಿದ್ದರೆ ನಮ್ಮ ಮೇಷ್ಟ್ರು ಅದನ್ನು ಬಿಚ್ಚುತ್ತಲೇ ಇರಲಿಲ್ಲ, ಸುಮ್ನೆ ಮೇಜಿನ ಈಚೆ ತಳ್ಳುತ್ತಿದ್ದರು. ಹಾಗಾಗಿ ಅಣಬೆಗಿಂತ ಮೊದಲು ತೊಗಟೆ ಕಲಿತೆವು: ಮೊಸಳೆ ಚರ್ಮದ ಹಾಗೆ ಒಡೆದಿದ್ದರೆ ಮತ್ತಿ, ನುಣ್ಣಗೆ ಬೆಳ್ಳಗಿದ್ದರೆ ನಂದಿ, ಕಚ್ಚು ಹಾಕಿದರೆ ಕೆಂಪು ರಸ ಬಂದರೆ ಹೊನ್ನೆ. ಆಗ ಸಿಟ್ಟು ಬರುತ್ತಿತ್ತು, ಅಣಬೆ ಕಲಿಯೋಕೆ ಬಂದವರಿಗೆ ಇದೆಲ್ಲ ಯಾಕೆ ಅಂತ.

ಯಾಕೆ ಅಂದರೆ, ನಿಮ್ಮ ಮುಂದಿನ ಸಾಲೇ ನೋಡಿ. 'ಸೀಳಿದರೆ ಒಳಗೆ ಉಂಗುರಗಳಿದ್ದವು, ಆದ್ದರಿಂದ ಇದು ಡಾಲ್ಡೀನಿಯಾ ಕಾನ್ಸೆಂಟ್ರಿಕಾ.' ಆ ಉಂಗುರ ಡಾಲ್ಡೀನಿಯಾ ಗುಂಪಿಗೇ ಸೇರಿದ್ದು, ಒಂದು ಜಾತಿಯ ಗುರುತಲ್ಲ. ಕಾನ್ಸೆಂಟ್ರಿಕಾ ಅನ್ನೋದು ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಸುತ್ತ ಅಣಬೆ ಹುಡುಕುತ್ತಿದ್ದ ಜೇಮ್ಸ್ ಬೋಲ್ಟನ್ 18ನೇ ಶತಮಾನದ ಕೊನೆಯಲ್ಲಿ ವರ್ಣಿಸಿದ ಜಾತಿ. ಯುರೋಪಿನಲ್ಲಿ ಅದು ಹೆಚ್ಚಾಗಿ ಸಿಗೋದು ಆಶ್ ಮರದ ಮೇಲೆ. ಮಲೆನಾಡಿನ ಕಾಡಲ್ಲಿ ಆಶ್ ಎಲ್ಲಿದೆ? ಬಿಸಿ ನಾಡುಗಳ ಕರಿಗುಂಡುಗಳಿಗೆಲ್ಲ ಬಹಳ ಕಾಲ ಇದೇ ಹೆಸರು ಅಂಟಿಸಿದ್ದರು. 1999ರಲ್ಲಿ ಅಣಬೆ ವಿಜ್ಞಾನಿ ರಾಜರ್ಸ್ ಮತ್ತು ಜೊತೆಗಾರರು ಹಳೆಯ ಮಾದರಿಯೊಂದನ್ನು ಇಟ್ಟುಕೊಂಡು ಆ ಹೆಸರನ್ನು ಮತ್ತೆ ಪರಿಶೀಲಿಸಿದರು. ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಡಾಲ್ಡೀನಿಯಾ ಎಶ್‌ಶೋಲ್ಟ್ಸಿ, ಅದರ ಸ್ಪೋರ್ (ಅಣಬೆಯ ಬೀಜಕಣ) ಕಾನ್ಸೆಂಟ್ರಿಕಾದ್ದಕ್ಕಿಂತ ಸ್ವಲ್ಪ ಚಿಕ್ಕದು. ಅದು ಇಂಥದ್ದೇ ಮರ ಬೇಕು ಅಂತ ಹಟ ಮಾಡಲ್ಲ, ಹಾಗಾಗಿ ಮರದ ಹೆಸರೊಂದೇ ಸಾಲದು. ಆದರೆ ಮರ ಕೇಳಿದ್ದರೆ ಯುರೋಪಿನ ಪುಸ್ತಕ ಮುಚ್ಚಿಡೋ ಬುದ್ಧಿಯಾದರೂ ಬರುತ್ತಿತ್ತು, ಅಲ್ವಾ?

ಇನ್ನು ನನಗೆ ನಿಜಕ್ಕೂ ಸಿಟ್ಟು ಬಂದ ಸಾಲು: 'ಸ್ಪೋರ್‌ಗಳ ಉದ್ದ 12–17 ಮೈಕ್ರಾನ್.' ಮೊದಲ ಪುಟದಲ್ಲಿ 'ನನ್ನ ಬಳಿ ಇದ್ದದ್ದು ಒಂದು ಲೆನ್ಸ್ ಮಾತ್ರ' ಅಂದಿದ್ದೀರಿ. ಲೆನ್ಸಲ್ಲಿ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು, ಅಳೆಯೋಕಾಗಲ್ಲ. ಆ ಅಂಕಿ ಪುಸ್ತಕದ್ದು, ನಿಮ್ಮ ಕೊಂಬೆಯದ್ದಲ್ಲ. ಪುಸ್ತಕದ ವರ್ಣನೆ ಇರೋದು ನಮ್ಮ ಅಳತೆಯನ್ನು ಅದರ ಪಕ್ಕ ಇಟ್ಟು ನೋಡೋಕೆ. ಅದನ್ನೇ ನಮ್ಮದು ಅಂತ ಬರೆದರೆ ಹೋಲಿಸೋಕೆ ಏನು ಉಳಿಯಿತು?

ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಕೇಳಿ ನೋಡಿ, ಅಳತೆಪಟ್ಟಿ ಇರುವ ಮೈಕ್ರೋಸ್ಕೋಪ್ ಸಿಗಬಹುದು. ಒಂದಿಪ್ಪತ್ತು ಸ್ಪೋರ್ ಅಳೆಯಿರಿ. ಅಣಬೆಯ ಹೊರಪದರದ ಚೂರನ್ನು 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿಟ್ಟು ಯಾವ ಬಣ್ಣ ಬಿಡುತ್ತೆ ಅಂತ ಬರೆದುಕೊಳ್ಳಿ, ಈ ಗುಂಪಿನಲ್ಲಿ ಅದು ದೊಡ್ಡ ಸುಳಿವು. ಜಾತಿ ಗೊತ್ತಾಗದಿದ್ದರೆ 'ಡಾಲ್ಡೀನಿಯಾ, ಜಾತಿ ತಿಳಿದಿಲ್ಲ' ಅಂತ ಬರೆದರೂ ನಾನು ಲೇಖನ ಹಾಕುತ್ತೇನೆ. ಮರದ ಹೆಸರು ಮಾತ್ರ ಬೇಕೇ ಬೇಕು.