ತಂಡದ ಬಲವೋ, ಬೆರಾ ಬಲವೋ?

ಅಮೆರಿಕದ ಬೇಸ್‌ಬಾಲ್ ಆಟಗಾರ ಯೋಗಿ ಬೆರಾ 10 ವರ್ಲ್ಡ್ ಸೀರೀಸ್ (ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಫೈನಲ್ ಸರಣಿ) ಗೆದ್ದದ್ದು ಅವರ ನ್ಯೂಯಾರ್ಕ್ ಯಾಂಕೀಸ್ ತಂಡ ಬಲಿಷ್ಠವಾಗಿದ್ದರಿಂದಷ್ಟೇ ಅಲ್ಲವಾ ಅಂತ ಕೇಳಿದ್ದೀರಿ ಸರ್. ತಂಡ ಗಟ್ಟಿಯಾಗಿತ್ತು, ನಿಜ. ಆದರೆ 1950ರ ಸೀಸನ್ ನೋಡಿ: 597 ಅಟ್-ಬ್ಯಾಟ್‌ಗಳಲ್ಲಿ (ಬ್ಯಾಟ್ ಹಿಡಿದ ಸರದಿಗಳಲ್ಲಿ) ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್‌ಗೆ ಔಟ್, ಆದದ್ದು ಬರೀ 12 ಸಲ! ಅದೂ ಎಟುಕದ ಚೆಂಡಿಗೂ ಬ್ಯಾಟ್ ಬೀಸುವ ಚಾಳಿ ಇದ್ದವರು. ಕ್ಯಾಚಿಂಗ್ (ವಿಕೆಟ್‌ಕೀಪರ್ ಥರ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯೋ ಕೆಲಸ) ಮಾತ್ರ ಮೊದಮೊದಲು ಒರಟೇ. 1949ರಲ್ಲಿ ಹಳೇ ಕ್ಯಾಚರ್ ಬಿಲ್ ಡಿಕಿ ಪಕ್ಕದಲ್ಲಿ ನಿಂತು ತಿದ್ದಿದರು. 1956ರ ವರ್ಲ್ಡ್ ಸೀರೀಸ್‌ನಲ್ಲಿ ಯಾಂಕೀಸ್‌ನ ಪಿಚರ್ (ಚೆಂಡೆಸೆಯುವ ಆಟಗಾರ) ಡಾನ್ ಲಾರ್ಸನ್ ಪರ್ಫೆಕ್ಟ್ ಗೇಮ್ (ಎದುರಾಳಿಯ ಒಬ್ಬ ಬ್ಯಾಟರೂ ಬೇಸ್ ತಲುಪದ ಆಟ) ಎಸೆದಾಗ ಯಾವ ಚೆಂಡು ಹಾಕಬೇಕೆಂದು ಬೆರಳಲ್ಲಿ ಸನ್ನೆ ಕೊಟ್ಟದ್ದು ಇವರೇ. ನಮ್ಮ ವಿಕೆಟ್‌ಕೀಪರ್‌ಗಳಿಗೆ ಇಷ್ಟು ಹಿಡಿತ ಎಲ್ಲಿ? ಚಟಾಕಿಗಳಿಗಾಗಿ ಮಾತ್ರ ಜನ ಇವರನ್ನು ನೆನೆಯೋದು ನನಗಂತೂ ಬೇಜಾರು. ಲೀಗ್‌ನ ಎಂವಿಪಿ (ಅತ್ಯಮೂಲ್ಯ ಆಟಗಾರ) ಪ್ರಶಸ್ತಿಯೇ ಮೂರು ಸಲ ಬಂದಿದೆ: 1951, 1954, 1955.