ಕ್ಯಾನಿಸ್ಟರ್ ಫಿಲ್ಟರ್ ಇದ್ದರೂ ನೈಟ್ರೇಟ್ 40 ಪಿಪಿಎಂ ಏಕೆ?

ನಿಮ್ಮ 100 ಲೀಟರ್ ರೀಫ್ ಟ್ಯಾಂಕ್‌ನಲ್ಲಿ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ನೈಟ್ರೇಟ್ ಏರಲು ಕಾರಣ ಬಹುಶಃ ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಡುವ ಡಬ್ಬಿಯಂಥ ಫಿಲ್ಟರ್) ಒಳಗಿನ ಸ್ಪಂಜೇ. ಮೀನಿನ ಕಸ, ಉಳಿದ ಆಹಾರ ಅಲ್ಲೇ ಕೊಳೆಯುತ್ತದೆ. ಸುಮ್ನೆ ದುಬಾರಿ ಫಿಲ್ಟರ್ ಕೊಳ್ಳಬೇಡಿ.

ಮೊದಲು ಟ್ಯಾಂಕಿನಿಂದ ತೆಗೆದ ಉಪ್ಪುನೀರಿನಲ್ಲೇ ಸ್ಪಂಜನ್ನು ಹಿಂಡಿ. ಕಂದು ನೀರು ಬರುತ್ತದಲ್ಲ, ನೈಟ್ರೇಟ್ ಆಗುವುದು ಅದೇ. ವಾರಕ್ಕೊಮ್ಮೆ ಹೀಗೆ ಹಿಂಡಿ, ಜೊತೆಗೆ ಶೇಕಡಾ 15ರಷ್ಟು ನೀರು ಬದಲಿಸಿ.

ಆಮೇಲೆ ಲೈವ್ ರಾಕ್, ಅಂದರೆ ಕಸವನ್ನು ಒಡೆಯುವ ಬ್ಯಾಕ್ಟೀರಿಯಾ ನೆಲೆಸಿರುವ ಕಲ್ಲು, ನೋಡಿ. ರಂಧ್ರ ಜಾಸ್ತಿ ಇರುವ ಕಲ್ಲು ಸುಮಾರು 10 ಕೆಜಿ ಇದ್ದು, ಅದರ ಸುತ್ತ ವೇವ್‌ಮೇಕರ್‌ನಿಂದ (ನೀರನ್ನು ಓಡಿಸುವ ಪಂಪ್) ನೀರು ಚೆನ್ನಾಗಿ ಓಡಿದರೆ ಅದೇ ನಿಮ್ಮ ಫಿಲ್ಟರ್. ಆಗ ಸ್ಪಂಜನ್ನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿ ತೆಗೆಯಿರಿ. ಒಂದೇ ಸಲ ತೆಗೆದರೆ ಅಮೋನಿಯಾ ಏರಬಹುದು. ಸಾಫ್ಟ್ ಕೋರಲ್ (ಮೆದು ಹವಳ) ಮಾತ್ರ ಇದ್ದರೆ ಸ್ಕಿಮ್ಮರ್ (ನೊರೆಯ ಜೊತೆ ಕಸ ತೆಗೆಯುವ ಸಾಧನ) ಇಲ್ಲದೆಯೂ ನಡೆಯುತ್ತದೆ.

ನಲ್ಲಿ ನೀರು ಬಳಸುತ್ತಿದ್ದರೆ ಅದರಲ್ಲೇ ನೈಟ್ರೇಟ್ ಇರಬಹುದು. ಟ್ಯಾಂಕಿನ ನೈಟ್ರೇಟ್ ಅಳೆದ ಕಿಟ್‌ನಲ್ಲೇ ನಲ್ಲಿ ನೀರನ್ನೂ ಇವತ್ತೇ ಪರೀಕ್ಷಿಸಿ.